ಎಚ್‌ಪಿ ದೊಡ್ಡದು, ಪೈಪು ಸಣ್ಣದು

ಕೊಳವೆಬಾವಿಗೆ ಪಂಪು ಇಳಿಸುವ ಯಾವ ಮೇಸ್ತ್ರಿಗೂ ಕಾಗದ ಪೆನ್ಸಿಲು ಹಿಡಿಯದೆ ಗೊತ್ತಿರುವ ಸಂಗತಿಯೊಂದಿದೆ: ಮೋಟರಿನ ಎಚ್‌ಪಿ ಎಷ್ಟೇ ಏರಿಸಿದರೂ ನೀರು ಹೊರಬರುವ ಪೈಪು ಸಣ್ಣದಾಗಿದ್ದರೆ ಕರೆಂಟು ಬಿಲ್ಲು ಏರುತ್ತದೆಯೇ ಹೊರತು ತೊಟ್ಟಿ ಬೇಗ ತುಂಬುವುದಿಲ್ಲ. ದ್ರವಶಾಸ್ತ್ರದ ಪುಸ್ತಕಗಳು ಇದನ್ನೇ ಸೂತ್ರದಲ್ಲಿ ಹೇಳುತ್ತವೆ. ಅಷ್ಟೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ಹಾಯಿಸಲು ಹೊರಟರೆ ತಿಕ್ಕಾಟದಿಂದಾಗುವ ಒತ್ತಡದ ನಷ್ಟ ಸುಮಾರು 32 ಪಟ್ಟಾಗುತ್ತದೆ. ಪಂಪಿನ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸ ಮಾತೇನಲ್ಲವಾದರೂ, ಅದೇ ಪಂಪಿನೊಳಗೆ ನೀರು ಹೇಗೆ ಹರಿಯುತ್ತದೆಂಬುದನ್ನು ಲೆಕ್ಕಹಾಕಲು ಕಂಪ್ಯೂಟರ್ ಕೊಳ್ಳುವ ದಿನ ಈ ತಿಳಿವಳಿಕೆ ಮನೆಯಲ್ಲೇ ಉಳಿದುಬಿಡುತ್ತದೆ, ಮತ್ತು ಅಂಗಡಿಯಲ್ಲಿ ನಡೆಯುವ ಮಾತೆಲ್ಲ ಎಚ್‌ಪಿಯದೇ ಆಗಿರುತ್ತದೆ: ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್, ಯಾವ ಗ್ರಾಫಿಕ್ಸ್ ಕಾರ್ಡ್.

ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ತುಡಿಯಲೂರು ದಾಟಿದ ಮೇಲೆ ಸಿಗುವ ಪೆರಿಯನಾಯಕನಪಾಳ್ಯಂ ಈ ವಿಷಯವನ್ನು ನೋಡಲು ತಕ್ಕ ಜಾಗ. 1962ರಲ್ಲಿ ಸ್ಥಾಪನೆಯಾದ ಲಕ್ಷ್ಮಿ ಮಷೀನ್ ವರ್ಕ್ಸ್, ಅಂದರೆ ನೂಲುವ ಯಂತ್ರಗಳನ್ನು ತಯಾರಿಸುವ ಎಲ್‌ಎಂಡಬ್ಲ್ಯು, ಇಲ್ಲಿಯೇ ಬೇರುಬಿಟ್ಟಿತು, ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು 1930ರಲ್ಲಿ ಆರಂಭಿಸಿದ ರಾಮಕೃಷ್ಣ ಮಿಷನ್ ವಿದ್ಯಾಲಯವೂ ಇದೇ ಊರಿನಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಲೇತುಗಳಿವೆ, ಫೌಂಡ್ರಿಗಳಿವೆ, ಪಂಪು ಮೋಟರಿನ ಬಿಡಿಭಾಗ ಮಾಡುವ ಶೆಡ್ಡುಗಳಿವೆ. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಅವರು ದೇಶದ ಮೊದಮೊದಲ ವಿದ್ಯುತ್ ಮೋಟರುಗಳಲ್ಲಿ ಒಂದನ್ನು ತಯಾರಿಸಿದ್ದು ಈ ಸೀಮೆಯಲ್ಲೇ, ಮತ್ತು ಅದಕ್ಕೂ ಕೆಲವು ವರ್ಷ ಮುಂಚೆ ಪೈಕಾರದ ಜಲವಿದ್ಯುತ್ತು ಬೆಟ್ಟವಿಳಿದು ಬಂದಿರದಿದ್ದರೆ ಇಷ್ಟು ಗಿರಣಿಗಳು ಇಲ್ಲಿ ಸುತ್ತುತ್ತಿರಲಿಲ್ಲ. ಈ ಬಯಲಿಗೆ ಕನ್ನಡವೂ ಹೊರಗಿನದಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಇದೇ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಸಿರುಮುಗೈಯ ಮಗ್ಗಗಳ ಮುಂದೆ ಕೂತ ದೇವಾಂಗರ ಮನೆಗಳಲ್ಲಿ, ಒಕ್ಕಲಿಗರ ತೋಟದ ಮನೆಗಳಲ್ಲಿ ಇಂದಿಗೂ ಕನ್ನಡದ ಒಂದು ರೂಪ ಉಳಿದಿದೆ. ಆ ಮನೆಗಳ ಈಗಿನ ತಲೆಮಾರು ಪಿಎಸ್‌ಜಿ ಟೆಕ್ಕಿನಲ್ಲೋ, ಸರ್ಕಾರಿ ತಾಂತ್ರಿಕ ಕಾಲೇಜಿನಲ್ಲೋ, ಸಿಐಟಿಯಲ್ಲೋ ಓದಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತಂತ್ರಾಂಶದ ಮುಂದೆ ಇಂಗ್ಲಿಷು ಎಂಬ ಮೂರು ಪದರದ ಬದುಕಿನಲ್ಲಿ ವಿನ್ಯಾಸದ ಕೆಲಸ ಮಾಡುತ್ತಿದೆ.

ಸಿಮ್ಯುಲೇಶನ್ ಎಂಬ ಮಾತು ಈ ಕೆಲಸದಲ್ಲಿ ಒಂದು ಖಚಿತವಾದ ಅರ್ಥವನ್ನು ಪಡೆದಿದೆ. ವಸ್ತುವೊಂದನ್ನು ಎರಕ ಹೊಯ್ದು, ಕೊರೆದು, ಪರೀಕ್ಷೆಯ ಮೇಜಿನ ಮೇಲೆ ಓಡಿಸಿ ನೋಡುವ ಮುನ್ನವೇ ಅದರ ನಡವಳಿಕೆಯನ್ನು ಭೌತಶಾಸ್ತ್ರದ ಸಮೀಕರಣಗಳ ಮೂಲಕ ಲೆಕ್ಕಹಾಕುವುದೇ ಸಿಮ್ಯುಲೇಶನ್. ಪಂಪಿನ ವಿಷಯದಲ್ಲಿ ಅದು ನೀರಿನ ಹರಿವಿನ ಲೆಕ್ಕ. ಸಿಎಫ್‌ಡಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗುತ್ತ ನೀರನ್ನು ಹೊರಕ್ಕೆ ತಳ್ಳುವ ರೆಕ್ಕೆಚಕ್ರ, ಮತ್ತು ಅದರ ಸುತ್ತಲಿನ ಕವಚದ ನಡುವೆ ನೀರು ತುಂಬಿಕೊಳ್ಳುವ ಜಾಗವನ್ನು ಲಕ್ಷಾಂತರ ಸಣ್ಣ ಕೋಶಗಳಾಗಿ ಒಡೆಯಲಾಗುತ್ತದೆ. ಈ ಜಾಲಕ್ಕೆ ಮೆಶ್ ಎಂದು ಹೆಸರು. ಪ್ರತಿ ಕೋಶದಲ್ಲೂ ಒತ್ತಡವೆಷ್ಟು, ವೇಗವೆಷ್ಟು, ಯಾವ ದಿಕ್ಕಿಗೆ ಎಂಬುದನ್ನು ಪಕ್ಕದ ಕೋಶಗಳಿಗೆ ಹೊಂದುವಂತೆ ಮತ್ತೆ ಮತ್ತೆ ತಿದ್ದುತ್ತ ಹೋಗಿ, ತಿದ್ದಲು ಏನೂ ಉಳಿಯದ ಸ್ಥಿತಿಯನ್ನು ತಲುಪುವುದು ಲೆಕ್ಕದ ಗುರಿ. ಫೌಂಡ್ರಿಯವರ ಸಿಮ್ಯುಲೇಶನ್ ಬೇರೆಯ ಬಗೆಯದು: ಅಚ್ಚಿನೊಳಗೆ ಹೊಯ್ದ ಕಬ್ಬಿಣ ಯಾವ ಮೂಲೆಯಲ್ಲಿ ಮೊದಲು ಗಟ್ಟಿಯಾಗುತ್ತದೆ, ಯಾವ ಮೂಲೆಯಲ್ಲಿ ಕೊನೆಗೆ ಗಟ್ಟಿಯಾಗಿ ಒಳಗೆ ಪೊಳ್ಳು ಬಿಡುತ್ತದೆ ಎಂಬುದನ್ನು ಅದು ಮುಂಚಿತವಾಗಿ ತೋರಿಸುತ್ತದೆ. ಮುಂಬಯಿಯ ಐಐಟಿಯಲ್ಲಿ ಪ್ರೊ. ಬಿ. ರವಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಆಟೋಕಾಸ್ಟ್ ಎಂಬ ತಂತ್ರಾಂಶ ಭಾರತದ ಫೌಂಡ್ರಿಗಳನ್ನು ಕಣ್ಣಮುಂದಿಟ್ಟುಕೊಂಡೇ ಹುಟ್ಟಿದ್ದು.

ಗೇಮಿಂಗ್ ಕೂಡ ಒಂದು ಅರ್ಥದಲ್ಲಿ ಸಿಮ್ಯುಲೇಶನ್ನೇ. ಕೊಯಮತ್ತೂರಿನ ಹುಡುಗರು ಕಾರ್ ರೇಸಿನ ಗೇಮನ್ನು ಬರಿಯ ಆಟವೆಂದು ನೋಡುವುದಿಲ್ಲವೆಂಬುದಕ್ಕೆ ಕಾರಣವೂ ಉಂಟು. ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡ ಸೇರಿದ್ದು ಈ ಊರಿನಿಂದಲೇ ಹೋಗಿ. ಚೆಟ್ಟಿಪಾಳಯಂನಲ್ಲಿ 2003ರಲ್ಲಿ ತೆರೆದ ರೇಸ್ ಟ್ರ್ಯಾಕಿಗೆ ಹೆಸರು ಬಂದಿದ್ದು ಇಲ್ಲಿಯದೇ ಉದ್ಯಮಿ ರೇಸರ್ ಎಸ್. ಕರಿವರ್ಧನ್ ಅವರಿಂದ. ಸ್ಟಿಯರಿಂಗು, ಪೆಡಲು ಜೋಡಿಸಿಕೊಂಡು ಆಡುವ ಗಂಭೀರ ರೇಸಿಂಗ್ ಗೇಮುಗಳು ಟೈರು, ಸಸ್ಪೆನ್ಶನ್ನುಗಳ ಲೆಕ್ಕವನ್ನು ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಬಾರಿ ಮಾಡುತ್ತವೆ. ಆದರೆ ಎರಡಕ್ಕೂ ಇರುವ ಅಂತರ ದೊಡ್ಡದು. ಹರಿವಿನ ಲೆಕ್ಕ ಬೆಳಗಿನೊಳಗೆ ಮುಗಿದರೆ ಸಾಕು. ಗೇಮಿನ ಲೆಕ್ಕ, ಪರದೆ ಸೆಕೆಂಡಿಗೆ 144 ಚಿತ್ರ ತೋರಿಸುವಂಥದ್ದಾದರೆ, ಒಂದು ಚಿತ್ರಕ್ಕೆ 7 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಮೊದಲನೆಯದು ಅಗಾಧವಾದ ದತ್ತಾಂಶವನ್ನು ಸಾಲಾಗಿ ಓದುತ್ತ ಹೋಗುವ ಕೆಲಸ, ಎರಡನೆಯದು ಕಡಿಮೆ ದತ್ತಾಂಶವನ್ನು ಎಲ್ಲೆಂದರಲ್ಲಿ ಕೈಹಾಕಿ ಥಟ್ಟನೆ ತೆಗೆಯುವ ಕೆಲಸ. ಒಂದೇ ಪೆಟ್ಟಿಗೆಯಿಂದ ಇವೆರಡನ್ನೂ ಬಯಸುವ ಕೊಳ್ಳುಗ ಎಲ್ಲಿ ರಾಜಿಯಾಗಬಹುದು, ಎಲ್ಲಿ ಕೂಡದು ಎಂಬುದು ಈ ವ್ಯತ್ಯಾಸದಲ್ಲೇ ಅಡಗಿದೆ.

ಪೈಪಿನ ಮಾತಿಗೆ ಬರುವುದಾದರೆ, ಕಂಪ್ಯೂಟರಿನಲ್ಲಿ ಪೈಪೆಂದರೆ ರ್‍ಯಾಮಿನಿಂದ ಪ್ರೊಸೆಸರಿಗೆ ದತ್ತಾಂಶ ಹರಿಯುವ ದಾರಿ, ಅದರ ಅಗಲಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ರ್‍ಯಾಮ್ ಎಂದರೆ ಕೆಲಸ ನಡೆಯುತ್ತಿರುವಾಗ ದತ್ತಾಂಶ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪಿನ ಪಟ್ಟಿ. ಅದರ ಗಾತ್ರ ಎಷ್ಟು ಜಿಬಿ ಎಂಬುದನ್ನು ಎಲ್ಲರೂ ಕೇಳುತ್ತಾರೆ, ಅದರಿಂದ ಸೆಕೆಂಡಿಗೆ ಎಷ್ಟು ಜಿಬಿ ಹೊರಬರುತ್ತದೆ ಎಂಬುದನ್ನು ಕೇಳುವವರು ಅಪರೂಪ. ಸಾಮಾನ್ಯ ಡೆಸ್ಕ್‌ಟಾಪಿನ ಮದರ್‌ಬೋರ್ಡುಗಳಲ್ಲಿ ಇಂಥ ದಾರಿಗಳು, ಅಂದರೆ ಚಾನೆಲ್ಲುಗಳು, ಎರಡೇ ಇರುತ್ತವೆ. ಹಳೆಯ ಡಿಡಿಆರ್4 ಬಗೆಯ 3200 ವೇಗದ ಎರಡು ಪಟ್ಟಿ ಹಾಕಿದರೆ ಸೆಕೆಂಡಿಗೆ ಗರಿಷ್ಠ 51.2 ಜಿಬಿ, ಈಗಿನ ಡಿಡಿಆರ್5ರ 6000 ವೇಗದ ಎರಡು ಪಟ್ಟಿ ಹಾಕಿದರೆ 96 ಜಿಬಿ ಹರಿಯುತ್ತದೆ. ಇವು ಕಾಗದದ ಮೇಲಿನ ಗರಿಷ್ಠ ಲೆಕ್ಕ, ಬಳಕೆಯಲ್ಲಿ ಸಿಗುವುದು ಇದಕ್ಕಿಂತ ಕಡಿಮೆ; ಆದರೆ ಎರಡರ ನಡುವಿನ ಅನುಪಾತ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಇದರ ಪರಿಣಾಮವನ್ನು ಒಂದು ಪಂಪಿನ ಮೇಲೆಯೇ ಲೆಕ್ಕಹಾಕಬಹುದು. ಸಾಧಾರಣ ಗಾತ್ರದ ಪಂಪೊಂದರ ಜಾಲದಲ್ಲಿ 40 ಲಕ್ಷ ಕೋಶಗಳಿವೆ ಎಂದುಕೊಂಡರೆ, ಹತ್ತು ಲಕ್ಷ ಕೋಶಗಳಿಗೆ ಒಂದರಿಂದ ಎರಡು ಜಿಬಿ ಎಂಬ ಬಳಕೆಯ ಅಂದಾಜಿನಂತೆ ಅದಕ್ಕೆ 8 ಜಿಬಿಯವರೆಗೆ ರ್‍ಯಾಮ್ ಬೇಕು. ಪ್ರತಿ ಸುತ್ತಿನ ತಿದ್ದುಪಡಿಯಲ್ಲಿ ಈ 8 ಜಿಬಿ ಹತ್ತು ಬಾರಿ ಪ್ರೊಸೆಸರಿನವರೆಗೆ ಹೋಗಿಬರುತ್ತದೆ ಎಂದಿಟ್ಟುಕೊಳ್ಳೋಣ. ರೆಕ್ಕೆಚಕ್ರ ತಿರುಗುವುದನ್ನು ಒಂದೊಂದು ಡಿಗ್ರಿಯಾಗಿ ಹಿಂಬಾಲಿಸುವ ಲೆಕ್ಕದಲ್ಲಿ ಒಂದು ಪೂರ್ತಿ ಸುತ್ತಿಗೆ 360 ಹೆಜ್ಜೆ, ಹರಿವು ಒಂದು ಹದಕ್ಕೆ ಬರಲು ಐದಾರು ಸುತ್ತು, ಅಂದರೆ ಸುಮಾರು 2000 ಹೆಜ್ಜೆ, ಹೆಜ್ಜೆಗೆ ಹದಿನೈದು ತಿದ್ದುಪಡಿ. ಒಟ್ಟು 30,000 ತಿದ್ದುಪಡಿ. ದಾರಿಯೊಂದೇ ಅಡ್ಡಿಯೆಂದು ಭಾವಿಸಿದರೆ 51.2 ಜಿಬಿಯ ಯಂತ್ರ ಇದಕ್ಕೆ 13 ಗಂಟೆ ತೆಗೆದುಕೊಳ್ಳುತ್ತದೆ, 96 ಜಿಬಿಯ ಯಂತ್ರ 7 ಗಂಟೆಯೊಳಗೆ ಮುಗಿಸುತ್ತದೆ. ಒಂದರ ಫಲಿತಾಂಶ ಬೆಳಗಿನ ಕಾಫಿಗೆ ಸಿದ್ಧ, ಇನ್ನೊಂದರದು ಮಧ್ಯಾಹ್ನ ಹತ್ತಿರವಾದಾಗ. ಈ ಲೆಕ್ಕದಲ್ಲಿ ಕೋರುಗಳ, ಅಂದರೆ ಪ್ರೊಸೆಸರಿನೊಳಗೆ ಒಟ್ಟಿಗೆ ದುಡಿಯುವ ಘಟಕಗಳ, ಸಂಖ್ಯೆ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ಎರಡು ಚಾನೆಲ್ಲಿನ ಯಂತ್ರದಲ್ಲಿ ಆರೆಂಟು ಕೋರುಗಳು ಕೂಡಿ ಕೆಲಸ ಮಾಡುವಷ್ಟರಲ್ಲಿ ದಾರಿ ತುಂಬಿಹೋಗುತ್ತದೆ. ಅದಕ್ಕೂ ಮೇಲಿನ ಕೋರುಗಳು ಸಣ್ಣ ಪೈಪಿಗೆ ಹಾಕಿದ ದೊಡ್ಡ ಮೋಟರಿನಂತೆ ಬಿಸಿಯಾಗುತ್ತ ಕಾಯುತ್ತಿರುತ್ತವೆ.

ಅಂಗಡಿಯ ಕೊಟೇಶನ್ನಿನ ಹಾಳೆಯಲ್ಲಿ ದಾರಿಯ ಅಗಲವನ್ನು ಮರೆತ ಈ ತಪ್ಪು ಒಂದೇ ಸಾಲಿನಲ್ಲಿ ಕೂತಿರುತ್ತದೆ. ಗಾಂಧಿಪುರಂನಲ್ಲಾಗಲಿ, ಚೆನ್ನೈನ ರಿಚಿ ಸ್ಟ್ರೀಟಿನಲ್ಲಾಗಲಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಬರೆದುಕೊಡುವ ಹಾಳೆಯ ಸ್ವರೂಪ ಒಂದೇ: ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್, ಎಸ್‌ಎಂಪಿಎಸ್, ಕೊನೆಯಲ್ಲಿ ಶೇ 18 ಜಿಎಸ್‌ಟಿ. ಅದರ ಮೂರನೆಯ ಸಾಲಿನಲ್ಲಿ 32 ಜಿಬಿಯ ಒಂದು ಪಟ್ಟಿ ಎಂದಿದ್ದರೆ ಕೊಳ್ಳುಗ ಎರಡು ದಾರಿಗಳಲ್ಲಿ ಒಂದನ್ನು ಮುಚ್ಚಿಕೊಂಡಂತಾಯಿತು. 6000 ವೇಗದ ಒಂಟಿ ಡಿಡಿಆರ್5 ಪಟ್ಟಿಯಿಂದ ಬರುವುದು 48 ಜಿಬಿ, ಎರಡು ಪಟ್ಟಿಯ ಹಳೆಯ ಡಿಡಿಆರ್4 ಯಂತ್ರಕ್ಕಿಂತಲೂ ಕಡಿಮೆ. ಮುಂದೆ ಇನ್ನೊಂದು ಹಾಕಿಸಿಕೊಳ್ಳಿ ಎಂಬ ಅಂಗಡಿಯವರ ಸಲಹೆ ಒಂದರಿಂದ ಎರಡಾಗುವಾಗ ಸರಿ. ಎರಡರಿಂದ ನಾಲ್ಕಾಗುವಾಗ ಅದು ತಿರುಗಿ ಹೊಡೆಯುತ್ತದೆ. ಎಎಂಡಿಯ ಎಎಂ5 ಬೋರ್ಡುಗಳಲ್ಲಿ ನಾಲ್ಕು ಪಟ್ಟಿ ತುಂಬಿದರೆ ತಯಾರಕರು ಭರವಸೆ ಕೊಡುವ ವೇಗ 3600 ಮಾತ್ರ, ಆಗ ದಾರಿಯ ಅಗಲ 57.6 ಜಿಬಿಗೆ ಕುಗ್ಗಿ, ಮೇಲಿನ ಪಂಪಿನ ಲೆಕ್ಕ ಏಳು ಗಂಟೆಯಿಂದ ಹನ್ನೊಂದೂವರೆ ಗಂಟೆಗೆ ಜಾರುತ್ತದೆ. ಜಿಬಿ ದುಪ್ಪಟ್ಟಾಗಿ ಕೆಲಸ ನಿಧಾನವಾದ ಈ ವಿಚಿತ್ರವನ್ನು ವೈರಸ್ ಎಂದು ತಿಳಿದು ವಿಂಡೋಸ್ ಮತ್ತೆ ಹಾಕಿಸಿಕೊಂಡವರೂ ಇದ್ದಾರು. ಬೇಕಾದಷ್ಟನ್ನು ಎರಡೇ ಪಟ್ಟಿಗಳಲ್ಲಿ, 32 ಜಿಬಿಯ ಎರಡೋ 48 ಜಿಬಿಯ ಎರಡೋ, ಮೊದಲ ದಿನವೇ ಕೊಳ್ಳುವುದು ಜಾಣತನ.

ಕೋರುಗಳ ಬಗ್ಗೆ 1967ರಲ್ಲೇ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಮಿತಿಯನ್ನು ತೋರಿಸಿಕೊಟ್ಟಿದ್ದರು. ಕೆಲಸದ ಶೇ 90 ಭಾಗವನ್ನು ಹಂಚಿಕೊಳ್ಳಬಹುದಾಗಿದ್ದು ಉಳಿದ ಶೇ 10 ಭಾಗವನ್ನು ಒಬ್ಬನೇ ಮಾಡಬೇಕಾಗಿದ್ದರೆ, 16 ಕೋರುಗಳಿಂದ ಸಿಗುವ ವೇಗ 16 ಪಟ್ಟಲ್ಲ, 6.4 ಪಟ್ಟು ಮಾತ್ರ. ಸಾವಿರ ಕೋರುಗಳನ್ನು ತಂದರೂ ಹತ್ತು ಪಟ್ಟನ್ನು ದಾಟದು. ಇದರ ಜೊತೆಗೆ ಇತ್ತೀಚಿನ ಕೆಲವು ಪ್ರೊಸೆಸರುಗಳಲ್ಲಿ ಎರಡು ಜಾತಿಯ ಕೋರುಗಳಿರುವುದನ್ನೂ ಗಮನಿಸಬೇಕಾಗುತ್ತದೆ. ಇಂಟೆಲ್‌ನ ಐ9-13900ಕೆಯಲ್ಲಿ 24 ಕೋರುಗಳೆಂದು ಡಬ್ಬಿಯ ಮೇಲೆ ಬರೆದಿದ್ದರೂ ಅವುಗಳಲ್ಲಿ ವೇಗದವು 8, ಉಳಿದ 16 ಕರೆಂಟು ಉಳಿಸುವ ನಿಧಾನದ ಕೋರುಗಳು. ಹರಿವಿನ ಲೆಕ್ಕದ ತಂತ್ರಾಂಶ ಜಾಲವನ್ನು ಸಮಭಾಗ ಮಾಡಿ ಹಂಚುತ್ತದೆ, ಮತ್ತು ಪ್ರತಿ ಹೆಜ್ಜೆಯ ಕೊನೆಯಲ್ಲಿ ಎಲ್ಲರೂ ಎಲ್ಲರಿಗಾಗಿ ಕಾಯುತ್ತಾರೆ. ಪಾಲು ಸಮವಾಗಿದ್ದು ಕೈಗಳು ಸಮವಾಗಿಲ್ಲದಿದ್ದರೆ ಇಡೀ ಸಾಲು ನಿಧಾನದವನ ನಡಿಗೆಯಲ್ಲೇ ಸಾಗುತ್ತದೆ. ಕೂಲಿಯಾಳುಗಳಿಗೆ ಸಾಲು ಹಿಡಿಸಿ ಕಳೆ ತೆಗೆಸುವ ತೋಟದ ಯಜಮಾನನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣ ಕೊಟ್ಟು ಕೊಳ್ಳುವ ಕೆಲವು ತಂತ್ರಾಂಶಗಳ ಲೈಸೆನ್ಸು ಇಂತಿಷ್ಟು ಕೋರಿಗೆಂದೇ ಇರುತ್ತದೆ, ಅದಕ್ಕೂ ಮೇಲಿನ ಕೋರುಗಳಿಗೆ ಬೇರೆ ಹಣ. 2004ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಓಪನ್‌ಫೋಮ್‌ನಂಥ ಉಚಿತ ತಂತ್ರಾಂಶಕ್ಕೆ ಆ ತೊಡಕಿಲ್ಲ. ಹಾಗಾಗಿ ಪ್ರೊಸೆಸರ್ ಆರಿಸುವ ಮುನ್ನ ಲೈಸೆನ್ಸಿನ ಕಾಗದ ಓದುವುದು ಹಣ ಉಳಿಸುವ ಕೆಲಸ.

ಗೇಮಿನ ಮನೆಯಲ್ಲಿ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಅಲ್ಲಿ ದಾರಿಯ ಅಗಲಕ್ಕಿಂತ ಮೊದಲ ಹನಿ ಎಷ್ಟು ಬೇಗ ಬಂದೀತು ಎಂಬುದು ಮುಖ್ಯ, ಈ ಕಾಯುವಿಕೆಗೆ ಲೇಟೆನ್ಸಿ ಎನ್ನುತ್ತಾರೆ. ಮತ್ತೆ ಮತ್ತೆ ಬೇಕಾಗುವ ದತ್ತಾಂಶವನ್ನು ರ್‍ಯಾಮಿನವರೆಗೆ ಹೋಗದೆ ಕೈಯಳತೆಯಲ್ಲೇ ಇಟ್ಟುಕೊಳ್ಳಲು ಪ್ರೊಸೆಸರಿನೊಳಗೆ ಕ್ಯಾಶ್ ಎಂಬ ಸಣ್ಣ ಉಗ್ರಾಣವಿರುತ್ತದೆ. ಅಡುಗೆಮನೆಯ ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲಿರುವುದಕ್ಕೂ ಅಟ್ಟದ ಮೇಲಿರುವುದಕ್ಕೂ ಇರುವಷ್ಟೇ ಅಂತರ. ಎಎಂಡಿ ಈ ಉಗ್ರಾಣಕ್ಕೆ ಇನ್ನೊಂದು ಅಂತಸ್ತು ಕಟ್ಟಿ 2023ರ ಏಪ್ರಿಲ್‌ನಲ್ಲಿ ತಂದ ರೈಜನ್ 7 7800ಎಕ್ಸ್‌3ಡಿ ಮತ್ತು 2024ರ ನವೆಂಬರ್‌ನಲ್ಲಿ ತಂದ 9800ಎಕ್ಸ್‌3ಡಿ, ಎರಡೂ 8 ಕೋರಿನವು, 96 ಎಂಬಿ ಕ್ಯಾಶಿನವು; ಹದಿನಾರು ಕೋರಿನ ದುಬಾರಿ ಪ್ರೊಸೆಸರುಗಳನ್ನು ಗೇಮಿನಲ್ಲಿ ಹಿಂದೆ ಹಾಕಿದ ಇವುಗಳ ಗುಟ್ಟು ಇಷ್ಟೇ. ರೇಸಿಂಗ್, ವಿಮಾನ ಹಾರಾಟದಂಥ ಗೇಮುಗಳಲ್ಲಿ ಭೌತಶಾಸ್ತ್ರದ ಲೆಕ್ಕ ಬಹುಪಾಲು ಒಂದೆರಡು ಕೋರುಗಳ ಮೇಲೆಯೇ ಬೀಳುವುದರಿಂದ ಅವುಗಳಿಗೆ ಈ ಕ್ಯಾಶ್ ಇನ್ನಷ್ಟು ಒದಗಿಬರುತ್ತದೆ. ಎರಡು ಚಾನೆಲ್ಲಿನ ಯಂತ್ರದಲ್ಲಿ ಹರಿವಿನ ಲೆಕ್ಕಕ್ಕೂ ಎಂಟರ ಮೇಲಿನ ಕೋರುಗಳಿಂದ ಹೆಚ್ಚು ಲಾಭವಿಲ್ಲವೆಂದ ಮೇಲೆ, ಒಂದೇ ಪೆಟ್ಟಿಗೆಯಲ್ಲಿ ಎರಡೂ ಬೇಕೆನ್ನುವ ಮನೆಗೆ ಎಂಟು ಕೋರಿನ ಇಂಥ ಪ್ರೊಸೆಸರ್ ಬಡವರ ರಾಜಿಯಲ್ಲ, ಸರಿಯಾದ ಆಯ್ಕೆಯೇ. ಉಳಿದ ಹಣ ರ್‍ಯಾಮಿಗೆ ಹೋಗಲಿ.

ಗ್ರಾಫಿಕ್ಸ್ ಕಾರ್ಡಿನ ವಿಷಯಕ್ಕೆ ಬಂದಾಗ ಮಾತು ತುಸು ಸೂಕ್ಷ್ಮವಾಗುತ್ತದೆ. ಮೇಲ್ನೋಟಕ್ಕೆ ಕಾರ್ಡಿನೊಳಗಿನ ಪೈಪು ಭಾರೀ ದೊಡ್ಡದು: ಎನ್‌ವಿಡಿಯಾದ ಆರ್‌ಟಿಎಕ್ಸ್ 4090ರಲ್ಲಿ ಸೆಕೆಂಡಿಗೆ 1008 ಜಿಬಿ, 2025ರಲ್ಲಿ ಬಂದ 5090ರಲ್ಲಿ 1792 ಜಿಬಿ. ಹಾಗಿದ್ದ ಮೇಲೆ ಲೆಕ್ಕವನ್ನೆಲ್ಲ ಕಾರ್ಡಿಗೇ ವಹಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಅಡ್ಡಬರುವುದು ಅಂಕೆಗಳ ನಿಖರತೆ. ಗೇಮಿನ ಚಿತ್ರಕ್ಕೆ ಸುಮಾರು ಏಳು ಅಂಕೆಗಳವರೆಗಿನ ನಿಖರತೆ ಸಾಕು, ಇದು ಒಂಟಿ ನಿಖರತೆ. ಎಂಜಿನಿಯರಿಂಗ್ ಲೆಕ್ಕಗಳು ಬಹುಮಟ್ಟಿಗೆ ಹದಿನೈದು ಅಂಕೆಗಳ ಜೋಡಿ ನಿಖರತೆಯನ್ನು ಬೇಡುತ್ತವೆ. ಒಂಟಿ ನಿಖರತೆಯ ಯಂತ್ರಕ್ಕೆ ಒಂದು ಕೋಟಿಗೆ 0.4 ಕೂಡಿಸಲು ಹೇಳಿದರೆ ಉತ್ತರ ಒಂದು ಕೋಟಿಯೇ ಬರುತ್ತದೆ, ಕೂಡಿಸಿದ್ದು ಎಲ್ಲಿ ಹೋಯಿತೆಂದು ಯಾರೂ ಹೇಳುವುದಿಲ್ಲ. ಸಾವಿರ ಅಡಿ ಆಳದಿಂದ ನೀರೆತ್ತುವ ಸಬ್‌ಮರ್ಸಿಬಲ್ ಪಂಪಿನಲ್ಲಿ ಒತ್ತಡ ಹತ್ತಿರ ಹತ್ತಿರ 30 ಲಕ್ಷ ಪಾಸ್ಕಲ್ ಇರುತ್ತದೆ; ಅಷ್ಟು ದೊಡ್ಡ ಸಂಖ್ಯೆಯ ಪಕ್ಕದಲ್ಲಿ ಒಂಟಿ ನಿಖರತೆಗೆ ಕಾಣುವ ಅತಿ ಸಣ್ಣ ವ್ಯತ್ಯಾಸ ಕಾಲು ಪಾಸ್ಕಲ್. ಒಂದು ಕೋಶದ ಮಟ್ಟಿಗೆ ಇದು ಏನೂ ಅಲ್ಲ, ಆದರೆ 40 ಲಕ್ಷ ಕೋಶಗಳಲ್ಲಿ 30,000 ಬಾರಿ ಉದುರಿದ ಚಿಲ್ಲರೆ ಸೇರಿದಾಗ ಲೆಕ್ಕ ಹದಕ್ಕೆ ಬಾರದೆ ಅಲ್ಲಲ್ಲೇ ತೂಗಾಡುವುದುಂಟು.

ಕಾರ್ಡ್ ತಯಾರಕರು ಜೋಡಿ ನಿಖರತೆಯನ್ನು ಮನೆಬಳಕೆಯ ಕಾರ್ಡುಗಳಲ್ಲಿ ಬೇಕೆಂದೇ ಮೊಟಕುಗೊಳಿಸುತ್ತಾರೆ. 2013ರ ಜಿಟಿಎಕ್ಸ್ ಟೈಟನ್ ಕಾರ್ಡಿನಲ್ಲಿ ಅದು ಒಂಟಿ ನಿಖರತೆಯ ಮೂರನೆಯ ಒಂದು ಭಾಗದಷ್ಟು ವೇಗದಲ್ಲಿತ್ತು, 4090ರಲ್ಲಿ ಅದು 64ನೆಯ ಒಂದು ಭಾಗ. ಕಾಗದದ ಮೇಲೆ 82 ಟೆರಾಫ್ಲಾಪ್ ಎಂದು ಹೊಗಳಿಸಿಕೊಳ್ಳುವ ಕಾರ್ಡು, ಅಂದರೆ ಸೆಕೆಂಡಿಗೆ 82 ಲಕ್ಷ ಕೋಟಿ ಲೆಕ್ಕ ಮಾಡುವ ಕಾರ್ಡು, ಜೋಡಿ ನಿಖರತೆಯಲ್ಲಿ 1.3ಕ್ಕೆ ಇಳಿದು ಒಳ್ಳೆಯ ಹದಿನಾರು ಕೋರಿನ ಪ್ರೊಸೆಸರಿನ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಇದಕ್ಕೆ ಅಪವಾದಗಳೂ ಇವೆ. ಅಣುಗಳ ಚಲನೆಯನ್ನು ಲೆಕ್ಕಹಾಕುವ ಗ್ರೋಮ್ಯಾಕ್ಸ್ ನಿಖರತೆಯನ್ನು ಅಗತ್ಯ ನೋಡಿಕೊಂಡು ಬೆರೆಸಿ ಬಳಸುವುದರಿಂದ ಗೇಮಿಂಗ್ ಕಾರ್ಡುಗಳ ಮೇಲೆ ಸೊಗಸಾಗಿ ಓಡುತ್ತದೆ; ಲ್ಯಾಟಿಸ್ ಬೋಲ್ಟ್ಸ್‌ಮನ್ ಎಂಬ ಬೇರೊಂದು ವಿಧಾನದಿಂದ ಹರಿವನ್ನು ಲೆಕ್ಕಹಾಕುವ ಫ್ಲೂಯಿಡ್‌ಎಕ್ಸ್3ಡಿ ಒಂಟಿ ನಿಖರತೆಯಲ್ಲೇ ಕೆಲಸ ನಡೆಸುತ್ತದೆ; ಆನ್ಸಿಸ್ ಫ್ಲೂಯೆಂಟ್ ಕೂಡ ಈಚಿನ ವರ್ಷಗಳಲ್ಲಿ ಪೂರ್ತಿಯಾಗಿ ಕಾರ್ಡಿನ ಮೇಲೆಯೇ ಓಡುವ ದಾರಿಯನ್ನು ತೆರೆದಿದೆ. ಆದರೆ ಓಪನ್‌ಫೋಮ್‌ನ ಸಾಮಾನ್ಯ ಬಳಕೆ ಇಂದಿಗೂ ಪ್ರೊಸೆಸರಿನ ಮೇಲೆಯೇ ನಡೆಯುವುದರಿಂದ, ಅದನ್ನು ನೆಚ್ಚಿಕೊಂಡ ಕಾರ್ಖಾನೆ ಲಕ್ಷಗಟ್ಟಲೆ ಸುರಿದು ಕಾರ್ಡ್ ತಂದರೆ ಅದು ರಾತ್ರಿಯ ಗೇಮಿಗಷ್ಟೇ ದುಡಿಯುತ್ತದೆ. ಯಾವ ಕಾರ್ಡ್ ಎಂದು ಕೇಳುವುದಕ್ಕೆ ಮೊದಲು ಯಾವ ತಂತ್ರಾಂಶ ಎಂದು ಕೇಳದ ಅಂಗಡಿಯವರ ಸಲಹೆಗೆ ಬೆಲೆಯಿಲ್ಲ.

ಕಾರ್ಡಿನ ಮೇಲೆ ಲೆಕ್ಕ ಓಡಿಸುವವರು ನೋಡಬೇಕಾದ ಇನ್ನೊಂದು ಅಂಕಿಯೆಂದರೆ ಕಾರ್ಡಿನದೇ ನೆನಪಿನ ಗಾತ್ರ. ರ್‍ಯಾಮ್ ಸಾಲದಿದ್ದರೆ ಯಂತ್ರ ನಿಧಾನವಾಗುತ್ತದೆ, ಕಾರ್ಡಿನ ನೆನಪು ಸಾಲದಿದ್ದರೆ ಲೆಕ್ಕ ಶುರುವೇ ಆಗದಿರಬಹುದು. ಅದಕ್ಕಾಗಿಯೇ 12 ಜಿಬಿಯ ಹಳೆಯ ಆರ್‌ಟಿಎಕ್ಸ್ 3060, ತನಗಿಂತ ಹೊಸತಾದ 8 ಜಿಬಿಯ 4060ಕ್ಕಿಂತ ಈ ಕೆಲಸಕ್ಕೆ ಮೇಲು. ಅದರ ದಾರಿಯ ಅಗಲವೂ 360 ಜಿಬಿ, 4060ರದು 272 ಜಿಬಿ ಮಾತ್ರ. ಹೊಸದೆಲ್ಲ ಮೇಲೆಂಬ ನಂಬಿಕೆ ಕಂಪ್ಯೂಟರ್ ವ್ಯಾಪಾರದಷ್ಟು ಬಲವಾಗಿ ಬೇರೆಲ್ಲೂ ಇಲ್ಲ.

ಪಂಪಿನ ಕವಚ, ಎರಕದ ಚೌಕಟ್ಟುಗಳ ಬಲವನ್ನು ಪರೀಕ್ಷಿಸುವ ಲೆಕ್ಕಗಳಿಗೆ ಬೇರೆಯದೇ ಹಸಿವು. ಅವು ದೊಡ್ಡ ಸಮೀಕರಣ ವ್ಯವಸ್ಥೆಯನ್ನು ಒಂದೇ ಏಟಿಗೆ ಬಿಡಿಸಲು ಹೊರಡುವುದರಿಂದ ರ್‍ಯಾಮಿನಲ್ಲಿ ಹಿಡಿಸದಿದ್ದಾಗ ಉಳಿದದ್ದನ್ನು ಡಿಸ್ಕಿಗೆ ಬರೆದು, ಓದಿ, ಮತ್ತೆ ಬರೆಯುತ್ತವೆ. ಇಲ್ಲಿ ಮದರ್‌ಬೋರ್ಡಿನ ಮೇಲೆ ನೇರವಾಗಿ ಕೂರುವ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಉಪಯೋಗಕ್ಕೆ ಬರುತ್ತದೆ. ಎಸ್‌ಎಸ್‌ಡಿ ಇಂತಿಷ್ಟು ಟೆರಾಬೈಟ್ ಬರೆದ ಮೇಲೆ ಸವೆಯುತ್ತದೆ, ತಯಾರಕರು ಆ ಮಿತಿಯನ್ನು ಟಿಬಿಡಬ್ಲ್ಯು ಎಂಬ ಹೆಸರಲ್ಲಿ ಮುದ್ರಿಸಿರುತ್ತಾರೆ. ಗೇಮ್ ಆಡುವವನು ಹತ್ತು ವರ್ಷದಲ್ಲೂ ಮುಟ್ಟದ ಆ ಮಿತಿಯನ್ನು ಇಂಥ ಲೆಕ್ಕ ಬಹಳ ಬೇಗ ಸಮೀಪಿಸಬಲ್ಲದು.

ಕೊಟೇಶನ್ನಿನ ಕೊನೆಯಲ್ಲಿ ಕೂತಿರುವ ಎಸ್‌ಎಂಪಿಎಸ್ ಅತಿ ಹೆಚ್ಚು ಅನಾದರಕ್ಕೆ ಒಳಗಾದ ಭಾಗ. ಮನೆಯ 230 ವೋಲ್ಟಿನ ಕರೆಂಟನ್ನು ಯಂತ್ರಕ್ಕೆ ಬೇಕಾದ 12 ವೋಲ್ಟಿಗೆ ಇಳಿಸಿ ಕೊಡುವ ಈ ಡಬ್ಬಿಯಲ್ಲಿ ಉಳಿಸಿದ ಎರಡು ಸಾವಿರ ರೂಪಾಯಿ ಉಳಿದೆಲ್ಲವನ್ನೂ ಸುಡಬಲ್ಲದು. ಗೇಮಿನಲ್ಲಿ ಭಾರ ಏರುತ್ತದೆ, ಇಳಿಯುತ್ತದೆ; ಸಿಮ್ಯುಲೇಶನ್ ಹತ್ತು ಗಂಟೆ ಒಂದೇ ಸಮ ಎಳೆಯುತ್ತದೆ. 4090 ಒಂದೇ 450 ವಾಟ್, 5090 ಆದರೆ 575 ವಾಟ್. ಈ ಕಾರ್ಡುಗಳಿಗೆ ಕರೆಂಟು ಕೊಡುವ ಹದಿನಾರು ಮುಳ್ಳಿನ ಕನೆಕ್ಟರ್ ಪೂರ್ತಿ ಒಳಗೆ ಕೂರದಿದ್ದರೆ ಕರಗುತ್ತದೆಂಬುದು 2022ರ ಕೊನೆಯಿಂದ ಜಗತ್ತಿಗೆಲ್ಲ ಗೊತ್ತಾದ ವಿಷಯ. ಅಂಗಡಿಯಲ್ಲಿ ಕೊಡುವ 600 ವಿಎ ಯುಪಿಎಸ್ ಇಂಥ ಯಂತ್ರವನ್ನು ಹೊರಲಾರದು, ಏಕೆಂದರೆ ಅದರ ನಿಜವಾದ ಶಕ್ತಿ 360 ವಾಟಿನ ಆಸುಪಾಸಿನಲ್ಲಿರುತ್ತದೆ. ಇದಲ್ಲದೆ ಒಳ್ಳೆಯ ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಮೆಟ್ಟಿಲಿನ ಅಲೆಯನ್ನು ಒಪ್ಪದೆ ಕರೆಂಟು ಹೋದ ಗಳಿಗೆಯಲ್ಲೇ ಆರಿಹೋಗುವುದೂ ಉಂಟು. ಸೈನ್ ವೇವ್ ಎಂದು ಬರೆದಿರುವುದನ್ನೇ ಕೇಳಿ ತರಬೇಕು. 2012ರ ಹೊತ್ತಿಗೆ ತಮಿಳುನಾಡಿನ ಈ ಭಾಗ ದಿನಕ್ಕೆ ಹಲವಾರು ಗಂಟೆ ಕರೆಂಟಿಲ್ಲದೆ ನರಳಿದ್ದನ್ನು ಇಲ್ಲಿಯ ಕಾರ್ಖಾನೆಗಳು ಮರೆತಿಲ್ಲ. ಈಗ ಅಂಥ ದಿನಗಳಿಲ್ಲವಾದರೂ, ಒಂಬತ್ತನೆಯ ಗಂಟೆಯಲ್ಲಿ ಒಂದೇ ಸೆಕೆಂಡು ಕಣ್ಣು ಮುಚ್ಚಿದ ದೀಪ ಇಡೀ ರಾತ್ರಿಯ ಲೆಕ್ಕವನ್ನು ಅಳಿಸಲು ಸಾಕು. ಅರ್ಧ ಗಂಟೆಗೊಮ್ಮೆ ಫಲಿತಾಂಶವನ್ನು ಡಿಸ್ಕಿಗೆ ಬರೆದಿಡುವಂತೆ ತಂತ್ರಾಂಶಕ್ಕೆ ಹೇಳಿಟ್ಟರೆ ಕಳೆದುಕೊಳ್ಳುವುದು ಆ ಅರ್ಧ ಗಂಟೆಯನ್ನಷ್ಟೇ.

ಕ್ಯಾಬಿನೆಟ್ಟಿನ ಆಯ್ಕೆಯಲ್ಲಿ ಈ ಊರಿಗೇ ಸೇರಿದ ಒಂದು ತೊಂದರೆಯಿದೆ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಆಡಿ ತಿಂಗಳ ಗಾಳಿ ಧೂಳು ತರುತ್ತದೆ, ಗಿರಣಿಗಳ ನೆರೆಯ ಮನೆಗಳಲ್ಲಿ ಅದರ ಜೊತೆ ಹತ್ತಿಯ ನವಿರೆಳೆಗಳೂ ಸೇರುತ್ತವೆ. ಬರೀ ಧೂಳನ್ನು ಊದಿ ಹಾರಿಸಬಹುದು. ಹತ್ತಿಯೆಳೆ ಹಾಗಲ್ಲ, ಅದು ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ತೆಳುವಾದ ಅಲ್ಯೂಮಿನಿಯಂ ಹಾಳೆಗಳ ನಡುವೆ ಸಿಕ್ಕಿಕೊಂಡು, ಮೇಲೆ ಧೂಳು ಕೂತು, ಕಂಬಳಿಯಂತೆ ಗಟ್ಟಿಯಾಗುತ್ತದೆ. ಬಿಸಿ ಹೊರಹೋಗದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಮಾಲೀಕ ಅದನ್ನು ಹಳೆಯದಾಯಿತೆಂದು ತಿಳಿದು ಹೊಸದಕ್ಕೆ ಕೊಟೇಶನ್ ಕೇಳುತ್ತಾನೆ. ಮುಂದೆ ಗಾಜು, ಒಳಗೆ ಬಣ್ಣದ ದೀಪ ಇರುವ ಕ್ಯಾಬಿನೆಟ್ಟಿಗಿಂತ ಮುಂಭಾಗದಲ್ಲಿ ಬಿಚ್ಚಿ ತೊಳೆಯಬಹುದಾದ ಜಾಲರಿ ಇರುವಂಥದ್ದು ಇಲ್ಲಿಗೆ ಹೊಂದುತ್ತದೆ.

ಬೆಲೆಯ ಮಾತು ಬಂದರೆ 2025ರ ಕೊನೆಯ ತಿಂಗಳುಗಳು ಈ ಇಡೀ ಲೆಕ್ಕವನ್ನು ಕೆಡಿಸಿದವು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಜಗತ್ತಿನ ನೆನಪಿನ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಡಿಡಿಆರ್5 ಪಟ್ಟಿಗಳ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟನ್ನು ದಾಟಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಮನೆಬಳಕೆಯವರಿಗೆ ರ್‍ಯಾಮ್ ಮಾರುತ್ತಿದ್ದ ತನ್ನ ಕ್ರೂಷಿಯಲ್ ಹೆಸರಿನ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ರ್‍ಯಾಮಿನ ದಾರಿಯೇ ಮುಖ್ಯವೆಂದು ತಿಳಿದವನಿಗೆ ಅದೇ ಕೈಗೆಟುಕದಂತಾದ ಹೊತ್ತಿನಲ್ಲಿ, ಹೊಸದನ್ನೇ ಕೊಳ್ಳಬೇಕೆಂಬ ಹಟ ಬಿಟ್ಟರೆ ಒಂದು ಒಳದಾರಿ ತೆರೆದುಕೊಳ್ಳುತ್ತದೆ.

ಕಚೇರಿಗಳು ಹಳೆಯದೆಂದು ಹೊರಹಾಕಿದ, ಇಂಟೆಲ್ ಜಿಯಾನ್ ಇ5 ನಾಲ್ಕನೆಯ ಆವೃತ್ತಿಯ ಪ್ರೊಸೆಸರುಗಳನ್ನು ಜೋಡಿಯಾಗಿ ಹೊತ್ತ ವರ್ಕ್‌ಸ್ಟೇಶನ್ನುಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಸಿಗುತ್ತವೆ. 2016ರ ಈ ಪ್ರೊಸೆಸರುಗಳು ಗೇಮಿಗೆ ತೀರ ಮಂದ. ಆದರೆ ಒಂದೊಂದಕ್ಕೂ ನಾಲ್ಕು ಚಾನೆಲ್ಲು, 2400 ವೇಗದ ಡಿಡಿಆರ್4 ಪಟ್ಟಿಗಳಿಂದ ಒಂದೊಂದಕ್ಕೆ 76.8 ಜಿಬಿ, ಎರಡೂ ಸೇರಿ 153.6 ಜಿಬಿ. ಹೊಸ ಗೇಮಿಂಗ್ ಯಂತ್ರದ 96ನ್ನು ಅದು ಒಂದೂವರೆ ಪಟ್ಟು ಮೀರುತ್ತದೆ. ಅದರಲ್ಲಿ ಬಳಸುವ ರಿಜಿಸ್ಟರ್ಡ್ ಬಗೆಯ ಪಟ್ಟಿಗಳು ಸಾಮಾನ್ಯ ಡೆಸ್ಕ್‌ಟಾಪಿಗೆ ಹೊಂದುವುದಿಲ್ಲವಾದ್ದರಿಂದ ಅವುಗಳಿಗೆ ಮನೆಬಳಕೆಯವರ ಪೈಪೋಟಿಯಿಲ್ಲ, ಮತ್ತು ದಾರಿಯಲ್ಲಿ ತಪ್ಪಿದ ಒಂದು ಅಂಕೆಯನ್ನು ತಾನೇ ಗುರುತಿಸಿ ತಿದ್ದುವ ಇಸಿಸಿ ಎಂಬ ವ್ಯವಸ್ಥೆಯೂ ಅವುಗಳಲ್ಲಿ ಅಡಕವಾಗಿರುತ್ತದೆ. ಕೊಳ್ಳುವಾಗ ಒಂದೇ ಎಚ್ಚರ: ಎಂಟು ಚಾನೆಲ್ಲಿಗೆ ಎಂಟು ಪಟ್ಟಿ ಇರಲೇಬೇಕು, ಮಾರುವವರು ಎರಡನ್ನು ಉಳಿಸಿ ಆರನ್ನು ಕಿತ್ತುಕೊಂಡಿರುವ ಸಾಧ್ಯತೆ ಹೆಚ್ಚು. ಕರೆಂಟು ಜಾಸ್ತಿ ಕುಡಿಯುತ್ತದೆ, ಇ5-2680 ವಿ4ರ ಜೋಡಿಯೇ 240 ವಾಟ್, ಸದ್ದೂ ಜಾಸ್ತಿ.

ಹೀಗೆ ನೋಡಿದರೆ ಎರಡು ಕೆಲಸಕ್ಕೆ ಒಂದು ದುಬಾರಿ ಪೆಟ್ಟಿಗೆ ಎಂಬ ಯೋಚನೆಯೇ ಹಲವು ಮನೆಗಳಲ್ಲಿ ತಪ್ಪು ಪ್ರಶ್ನೆಗೆ ಸಿಕ್ಕ ಸರಿಯುತ್ತರವಿರಬಹುದು. ಒಂದು ಯಂತ್ರದಲ್ಲಿ ಸಂಜೆ ಲೆಕ್ಕ ಶುರುಮಾಡಿದರೆ ಮನೆಯ ಮಗ ಬೆಳಗಿನವರೆಗೆ ಗೇಮ್ ಮುಟ್ಟುವಂತಿಲ್ಲ, ಅವನು ಹನ್ನೊಂದಕ್ಕೆ ಆಟ ಮುಗಿಸಿ ಎದ್ದ ಮೇಲೆ ಶುರುವಾದ ಲೆಕ್ಕ ಕಾರ್ಖಾನೆಯ ಮೊದಲ ಪಾಳಿಯ ಸೈರನ್ನಿಗೂ ಮುಗಿಯದಿರಬಹುದು. ಸಾಧಾರಣ ಕಾರ್ಡಿನ, ಎಂಟು ಕೋರಿನ ಒಂದು ಗೇಮಿಂಗ್ ಯಂತ್ರ ಕೋಣೆಯ ಮೇಜಿನ ಮೇಲೆ. ಪರದೆಯಿಲ್ಲದ, ಕೀಬೋರ್ಡಿಲ್ಲದ ಹಳೆಯ ವರ್ಕ್‌ಸ್ಟೇಶನ್ ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಒಂದು ನೆಟ್‌ವರ್ಕ್ ವೈರಿನ ತುದಿಯಲ್ಲಿ, ಸೈನ್ ವೇವ್ ಯುಪಿಎಸ್‌ನ ಪಕ್ಕ. ಮೇಲೆ ರೇಸು ನಡೆಯುತ್ತಿರುವಾಗ ಕೆಳಗೆ ರೆಕ್ಕೆಚಕ್ರ ಒಂದೊಂದು ಡಿಗ್ರಿಯಾಗಿ ತಿರುಗುತ್ತಿರುತ್ತದೆ.